ಗಾಳ ಮನೆಯಲ್ಲಿರಲಿ, ದುರ್ಬೀನು ಜೊತೆಗಿರಲಿ

ಬಾದಾಮಿಗೆ ಕೂಗಳತೆಯಲ್ಲಿರುವ ಬನಶಂಕರಿಯ ಹೆಸರಿನಲ್ಲಿಯೇ ವನವಿದೆ. ಪುರಾಣವು ಈ ನೆಲವನ್ನು ತಿಲಕಾರಣ್ಯವೆಂದು ಕರೆಯಿತು. ಇಲ್ಲಿಯ ದೇವಿ ಶಾಕಂಭರಿ. ಕ್ಷಾಮಕಾಲದಲ್ಲಿ ಕಾಯಿಪಲ್ಲೆಗಳಿಂದ ಲೋಕವನ್ನು ಸಲಹಿದ ತಾಯಿ. ರಥೋತ್ಸವಕ್ಕೆ ಮುನ್ನ ನಡೆಯುವ ಪಲ್ಲೇದ ಹಬ್ಬದಲ್ಲಿ ನೂರೆಂಟು ಬಗೆಯ ಪಲ್ಲೆಗಳು ಅವಳಿಗೆ ನೈವೇದ್ಯವಾಗುತ್ತವೆ. ಆದರೆ ಇಂದು ಆ ಸೀಮೆಯಲ್ಲಿ ನಿಂತವನ ಕಣ್ಣಿಗೆ ಬೀಳುವುದು ಕೆಂಬಂಡೆಯ ಬೆಟ್ಟಗಳು, ಜೋಳದ ಹೊಲಗಳು, ಅಲ್ಲಲ್ಲಿ ಬಾಳೆ ತೆಂಗುಗಳ ತೋಟ. ವರ್ಷದ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ವನದೇವಿಯ ಮಡಿಲಲ್ಲಿ ಬೆಳೆದವರೂ ದಟ್ಟವಾದ ವನವನ್ನು ಕಾಣಬೇಕಾದರೆ ಪಯಣ ಹೊರಡಲೇಬೇಕು!

ಪುಷ್ಯದ ಹುಣ್ಣಿಮೆಯ ತೇರು ಎಳೆದು, ಜಾತ್ರೆಯ ನಾಟಕಗಳ ಗದ್ದಲ ಅಡಗಿದ ಮೇಲೆ ಮನೆಗಳಲ್ಲಿ ಬೇಸಗೆಯ ರಜೆಯ ಮಾತು ಮೊದಲಾಗುತ್ತದೆ. ಮಕ್ಕಳಿಗೆ ಹುಲಿಯನ್ನು ನೋಡುವ ತವಕ. ತಾಯಿಗೆ ತಂಪಾದ ನೆರಳಿನ ಹಂಬಲ. ತಂದೆಗೆ ಬೆಟ್ಟದ ಹೊಳೆಯಲ್ಲಿ ಗಾಳ ಹಾಕಿ ಕುಳಿತುಕೊಳ್ಳುವ ಚಪಲ. ಈ ಮೂರು ಆಸೆಗಳನ್ನು ಒಂದೇ ಪ್ರವಾಸದಲ್ಲಿ ಪೂರೈಸಬಹುದೇ? ಎರಡನ್ನು ಪೂರೈಸಬಹುದು. ಮೂರನೆಯದನ್ನು ಕುರಿತು ಹೊರಡುವ ಮೊದಲೇ ಯೋಚಿಸುವುದು ಲೇಸು.

ಎಲ್ಲಿಗೆ ಹೋಗಬೇಕು?

ಬಾದಾಮಿ ಸೀಮೆಗೆ ನೀರುಣಿಸುವ ಮಲಪ್ರಭೆ ಹುಟ್ಟುವುದು ಸಹ್ಯಾದ್ರಿಯ ಕಣಕುಂಬಿಯಲ್ಲಿ. ಅವಳು ಪೂರ್ವಾಭಿಮುಖವಾಗಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ಸಹ್ಯಾದ್ರಿಯ ಮತ್ತೊಂದು ಮಗ್ಗುಲಲ್ಲಿ ಹುಟ್ಟಿದ ಕಾಳೀ ನದಿಯಾದರೋ ಪಶ್ಚಿಮಕ್ಕೆ ತಿರುಗಿ ಕಾರವಾರದ ಬಳಿ ಕಡಲಿಗಿಳಿಯುತ್ತದೆ. ಈ ಕಾಳಿಯ ಕಾಡೇ ಬನಶಂಕರಿಯವರಿಗೆ ಅನುಕೂಲವಾದ ಮಲೆನಾಡು. ಕುಳಗೇರಿ ಕ್ರಾಸ್, ನರಗುಂದ, ನವಲಗುಂದಗಳ ಮಾರ್ಗವಾಗಿ ಹುಬ್ಬಳ್ಳಿ. ಮುಂದೆ ಧಾರವಾಡ, ಹಳಿಯಾಳಗಳನ್ನು ದಾಟಿದರೆ ದಾಂಡೇಲಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟವರು ಹಗಲಿರುವಾಗಲೇ ತಲಪಬಹುದು.

ದಾಂಡೇಲಿಯ ಅಭಯಾರಣ್ಯ ಘೋಷಿತವಾದದ್ದು 1956ರಲ್ಲಿ. ಅದರ ನೆರೆಯ ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಇವೆರಡೂ ಕೂಡಿ ಹುಲಿ ಸಂರಕ್ಷಿತ ಪ್ರದೇಶವೆನಿಸಿದವು. 2015ರಲ್ಲಿ ಅದಕ್ಕೆ ಕಾಳಿಯ ಹೆಸರೇ ಬಂತು. ಹುಲಿ ಇಲ್ಲಿ ಇದೆ, ಆದರೆ ದರ್ಶನ ಕೊಡುವುದು ಅಪರೂಪ. ಇಲ್ಲಿಯ ಕರಿಚಿರತೆಯ ಖ್ಯಾತಿ ದೊಡ್ಡದು, ದರ್ಶನ ಇನ್ನೂ ದುರ್ಲಭ. ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿದರೆ ಮರಳುವಾಗ ಮುಖಗಳು ಬಾಡುವುದಿಲ್ಲ.

ಗಾಳದ ಕಥೆ

ಗಾಳದ ವ್ಯಸನ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವೇ ಇದೆ. ಮೀನುಗಳ ಪ್ರಭೇದಗಳೇನು, ಅವುಗಳಿಗೆ ಒಡ್ಡುವ ಆಹಾರವೇನು, ಗಾಳ ಹಾಕುವ ಕ್ರಮವೇನು ಎಂಬುದನ್ನು ಅರಸನು ಅಲ್ಲಿ ವಿವರಿಸಿದ್ದಾನೆ. ಆಂಗ್ಲರ ಕಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಎಂಬಾತನು 1873ರಲ್ಲಿ ಭಾರತದ ಗಾಳಗಾರಿಕೆಯನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದನು. ಬೆಟ್ಟದ ಹೊಳೆಗಳ ರಾಜನಾದ ಮಹಶೀರ್ ಮೀನಿನ ಕೀರ್ತಿಯನ್ನು ಹರಡಿದವರಲ್ಲಿ ಆತನೂ ಒಬ್ಬ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು ತೂಕದ ಮಹಶೀರನ್ನು ಹಿಡಿದು ದಾಖಲೆ ಸ್ಥಾಪಿಸಿದರು.

ಆ ಬೃಹನ್ಮತ್ಸ್ಯದ ಕುಲ ಈಗ ಯಾವ ಸ್ಥಿತಿಯಲ್ಲಿದೆ? ಕಾವೇರಿಯ ನದೀಕುಟುಂಬದಲ್ಲಲ್ಲದೆ ಬೇರೆಲ್ಲಿಯೂ ಇಲ್ಲದ ಡುಬ್ಬಬೆನ್ನಿನ ಮಹಶೀರನ್ನು 2018ರಲ್ಲಿ ವಿನಾಶದ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಅಣೆಕಟ್ಟುಗಳು ಅದರ ಸಂಚಾರಕ್ಕೆ ಅಡ್ಡಬಂದವು. ಮಡುಗಳಲ್ಲಿ ಸಿಡಿಮದ್ದು ಹಾಕಿದವರು ಮರಿಮೀನುಗಳ ಸಹಿತ ಸಂತತಿಯನ್ನೇ ಅಳಿಸಿದರು. ಹೊರಗಿನಿಂದ ತಂದು ಬಿಟ್ಟ ಬೇರೆ ಮಹಶೀರ್ ಜಾತಿಗಳು ಅದರ ನೆಲೆಯನ್ನು ಆಕ್ರಮಿಸಿದವು. ಭೀಮೇಶ್ವರಿಯಲ್ಲಿ ಹಲವು ವರ್ಷ ಮೀನನ್ನು ಹಿಡಿದು, ತೂಗಿ, ಮತ್ತೆ ನೀರಿಗೇ ಬಿಡುವ ಪದ್ಧತಿ ನಡೆದಿತ್ತು. ಕಾವೇರಿ ವನ್ಯಧಾಮದ ಮೇರೆಯೊಳಗೆ ಅದೂ ನಿಂತಿತು. ಆ ಗಾಳಗಾರರ ಸಂಘವು ನದಿಗೆ ಕಾವಲೂ ಆಗಿತ್ತೆಂದು ವಾದಿಸುವವರುಂಟು. ಕಾಡಿನೊಳಗೆ ಕೆಲವರ ವಿನೋದಕ್ಕೆ ಬಾಗಿಲು ತೆರೆದರೆ ಉಳಿದವರನ್ನು ತಡೆಯುವುದು ಹೇಗೆಂದು ಕೇಳುವವರೂ ಉಂಟು. ಎರಡು ಮಾತಿನಲ್ಲಿಯೂ ಹುರುಳಿದೆ.

ಪ್ರವಾಸಿಗೆ ಮಾತ್ರ ಸಂದೇಹವಿರಬೇಕಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ದೃಷ್ಟಿಯಲ್ಲಿ ಮೀನೂ ಒಂದು ಪ್ರಾಣಿ. ರಾಷ್ಟ್ರೀಯ ಉದ್ಯಾನದ ಹೊಳೆಯೂ ಉದ್ಯಾನವೇ. ಅಲ್ಲಿ ಗಾಳ ಎಸೆಯುವುದು ವಿನೋದವಲ್ಲ, ಅಪರಾಧ. ಆಸೆ ಬಿಡದವರು ಉದ್ಯಾನದಿಂದ ದೂರವಾದ ಕೆರೆ ಜಲಾಶಯಗಳನ್ನು ಆರಿಸಿಕೊಳ್ಳಬೇಕು. ಅಲ್ಲಿಯೂ ಮೀನು ಹಿಡಿಯುವ ಹಕ್ಕು ಪರವಾನಗಿಗೋ ಗುತ್ತಿಗೆಗೋ ಒಳಪಟ್ಟಿರುತ್ತದೆ. ಅದನ್ನೇ ನಂಬಿ ಬದುಕುವ ಬೆಸ್ತರ ಮನೆಗಳಿರುತ್ತವೆ. ಮೊದಲು ಮೀನುಗಾರಿಕೆ ಇಲಾಖೆಯವರನ್ನು ವಿಚಾರಿಸಿ ಆಮೇಲೆ ಗಾಳಕ್ಕೆ ಎರೆಹುಳು ಸಿಕ್ಕಿಸುವುದು ನ್ಯಾಯ. ಬರಿಯ ಕಣ್ಣಿಗೆ ಮಹಶೀರನ್ನು ಕಂಡರೆ ಸಾಕೆನ್ನುವವರಿಗೆ ಶೃಂಗೇರಿಯ ತುಂಗೆಯೂ ಶಿಶಿಲದ ಕಪಿಲೆಯೂ ಇವೆ. ಅಲ್ಲಿ ಅವು ದೇವರ ಮೀನುಗಳು; ಸೋಪಾನದ ಅಂಚಿಗೇ ಬಂದು ಮುತ್ತುತ್ತವೆ.

ಕಾಣಬೇಕಾದದ್ದು

ಏಪ್ರಿಲ್ ತಿಂಗಳ ದಾಂಡೇಲಿಯ ವಿಶೇಷವೆಂದರೆ ಮಂಗಟ್ಟೆ ಹಕ್ಕಿ. ಕರ್ನಾಟಕದಲ್ಲಿರುವ ನಾಲ್ಕು ಬಗೆಯ ಮಂಗಟ್ಟೆಗಳೂ ಈ ಸೀಮೆಯಲ್ಲಿ ಕಾಣಸಿಗುತ್ತವೆ. ಹೆಣ್ಣುಹಕ್ಕಿಯು ಹಳೆಯ ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ಮೆತ್ತಿಕೊಂಡು, ಕೊಕ್ಕು ಹೊರಬರುವಷ್ಟೇ ಸೀಳುಗಂಡಿ ಉಳಿಸುತ್ತದೆ. ಒಳಗೆ ಮೊಟ್ಟೆ, ಮರಿ, ಬಾಣಂತನ. ಗಂಡು ದಿನವಿಡೀ ಹಣ್ಣುಗಳನ್ನು ತಂದು ಆ ಗಂಡಿಯೊಳಗೆ ನೀಡುತ್ತದೆ. ಹೊರಗಿನ ಆ ಒಂದು ಹಕ್ಕಿ ಬೆದರಿ ದೂರವಾದರೆ ಒಳಗಿನ ಸಂಸಾರಕ್ಕೇ ಉಪವಾಸ. ಆದಕಾರಣ ಗೂಡಿನ ಮರದ ಕೆಳಗೆ ನೆರೆಯುವುದಾಗಲಿ, ಕೂಗುವುದಾಗಲಿ ಕೂಡದು. ದೂರದಿಂದ ದುರ್ಬೀನು ಹಿಡಿದರೆ ಸಾಕು.

ಹೊರಡುವ ಮುನ್ನ ಅರಣ್ಯ ಇಲಾಖೆಯ ವಸತಿಯನ್ನೂ ಸಫಾರಿಯನ್ನೂ ಕಾದಿರಿಸಿಕೊಳ್ಳಬೇಕು. ರಜೆಯ ದಿನಗಳಲ್ಲಿ ಸ್ಥಳ ದೊರೆಯುವುದು ಕಷ್ಟ. ಬಟ್ಟೆ ಮಾಸಲು ಹಸಿರೋ ಕಂದೋ ಇರಲಿ. ಮಳೆಗಾಲದ ಪಯಣ ಮಕ್ಕಳಿರುವ ಸಂಸಾರಕ್ಕೆ ಒಗ್ಗದು. ಉಂಬಳಗಳ ಕಾಟ ಹೇಳತೀರದು. ಮಂಗಗಳಿಗೆ ತಿಂಡಿ ಎಸೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ದಾಂಡೇಲಿಯ ಕಾಳಿಯಲ್ಲಿ ಮೊಸಳೆಗಳಿವೆ. ಮೇಲ್ಗಡೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿದೆ. ನೀರು ಬಿಟ್ಟಾಗ ಪಾತ್ರ ಒಮ್ಮೆಲೇ ಏರುತ್ತದೆ. ಸ್ಥಳೀಯರು ಬೇಡವೆಂದ ಕಡೆ ಮಕ್ಕಳನ್ನು ನೀರಿಗಿಳಿಸುವುದು ದುಸ್ಸಾಹಸ.

ಹೀಗೆ ಸಿದ್ಧರಾಗಿ ಹೋದವರು ಹುಲಿಯನ್ನು ಕಾಣದೆ ಮರಳಬಹುದು, ಮೀನನ್ನು ಹಿಡಿಯದೆ ಮರಳಬಹುದು. ಆದರೆ ಮರದಿಂದ ಮರಕ್ಕೆ ನೆಗೆಯುವ ಕೆಂದಳಿಲು, ಮುಸ್ಸಂಜೆ ಹಾದಿಯಂಚಿಗೆ ಬಂದು ನಿಲ್ಲುವ ಕಾಡುಕೋಣ, ಹಣ್ಣು ಕಚ್ಚಿಕೊಂಡು ರೆಕ್ಕೆ ಬಡಿಯುತ್ತ ನೆತ್ತಿಯ ಮೇಲೆ ಹಾರುವ ಮಂಗಟ್ಟೆ—ಇವುಗಳಲ್ಲಿ ಒಂದಾದರೂ ಅವರ ಪಾಲಿಗೆ ಬಂದೀತು. ಅದು ಮುಂದಿನ ಬೇಸಗೆಗೆ ಹೋಗುವವರಿಗೂ ಅಲ್ಲಿಯೇ ಉಳಿದಿರುತ್ತದೆ.