ಜಗುಲಿಯಲ್ಲಿ ಬೈಠಕ್, ಒಳಗೆ ಅನ್ನದ ಚರಿಗೆ

"ನಿಮ್ಮನೆ ಬೈಠಕ್ಕಿಗೆ ಒಟ್ಟು ಎಷ್ಟು ಖರ್ಚು ಬರ್ತದೆ?"

ಸೊಸೈಟಿಯಲ್ಲಿ ಅಡಿಕೆ ಟೆಂಡರಿಗೆ ಕಾಯುತ್ತ ಕುಳಿತಿದ್ದಾಗ ಸ್ನೇಹಿತರೊಬ್ಬರು ಕೇಳಿದರು. ಅವರಿಗೂ ತಮ್ಮ ಮನೆಯಲ್ಲಿ ಒಂದು ಸಂಗೀತ ಮಾಡಿಸುವ ಆಸೆ. ಕಲಾವಿದರ ಸಂಭಾವನೆ, ಅವರ ಗಾಡಿ ಬಾಡಿಗೆ, ತರಕಾರಿ, ಹಾಲು ಎಂದು ನಾನು ಬೆರಳು ಮಡಿಚುತ್ತ ಲೆಕ್ಕ ಕೊಟ್ಟೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಕೇಳಿದ್ದು ಒಂದೇ ಮಾತು: "ನನ್ನ ಕೂಲಿ ಹಿಡಿದಿದ್ರಾ?"

ಆ ಸ್ನೇಹಿತರಿಗೆ ಕೊಟ್ಟ ಲೆಕ್ಕ ಅರ್ಧವೇ ಆಯಿತು. ಉಳಿದರ್ಧ ಇಲ್ಲಿ ಬರೆಯುತ್ತೇನೆ.

ನಮ್ಮದು ಶಿರಸಿ ಸೀಮೆಯಲ್ಲಿ ಎರಡು ಎಕರೆ ತೋಟ. ಹಾಡುವವರು ಮನೆಯಲ್ಲಿ ಯಾರೂ ಇಲ್ಲ. ಅಪ್ಪನಿಗೆ ಮಾತ್ರ ಧಾರವಾಡ ಆಕಾಶವಾಣಿಯ ಹುಚ್ಚು. 1950ರಲ್ಲಿ ಶುರುವಾದ ಆ ನಿಲಯದಿಂದ ಮಲ್ಲಿಕಾರ್ಜುನ ಮನಸೂರರ ಹಾಡು ಬಂದರೆ ಅಡಿಕೆ ಸುಲಿಯುವ ಕತ್ತಿ ಅಲ್ಲೇ ನಿಲ್ಲುತ್ತಿತ್ತು. "ಕುಂದಗೋಳದಲ್ಲಿ ನಾಡಿಗೇರರ ವಾಡೆಯೊಳಗೇ ಕಚೇರಿ ಆಗ್ತದಂತೆ, ನಮ್ಮ ಜಗುಲಿಗೇನು ಕಡಿಮೆ?" ಎನ್ನುತ್ತಿದ್ದ. ಸವಾಯಿ ಗಂಧರ್ವರ ನೆನಪಿನಲ್ಲಿ ಆ ವಾಡೆಯಲ್ಲಿ ನಡೆಯುವ ಸಂಗೀತದ ಸುದ್ದಿ ಅವನಿಗೆ ಬಾಯಿಪಾಠ. 2006ರಲ್ಲಿ ಮಗಳಿಗೆ ಸಂಗೀತ ಕಲಿಸುತ್ತಿದ್ದ ಮೇಷ್ಟ್ರನ್ನೇ ಕೂರಿಸಿ ಮೊದಲ ಬೈಠಕ್ ಮಾಡಿದೆವು. ಬಂದವರು ಇಪ್ಪತ್ತೆರಡು ಜನ. ಅಪ್ಪ ಎದುರಿನ ಕಂಬಕ್ಕೆ ಒರಗಿ ಕುಳಿತವನು ಕವಳ ಹಾಕುವುದನ್ನೂ ಮರೆತಿದ್ದ.

ಅಲ್ಲಿಂದ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ, ಕೊನೆಕೊಯ್ಲು ಶುರುವಾಗುವ ಮೊದಲು, ಒಂದು ಸಂಜೆ. ಹೀಗೆ ಮಾಡುತ್ತ ಕೆಲವು ಸಂಗತಿ ಗೊತ್ತಾಯಿತು. ಹಳೇ ಮಣ್ಣಿನ ಗೋಡೆಯ ಜಗುಲಿಯಲ್ಲಿ ಮೈಕು ಬೇಡ. ಹೊಸದಾಗಿ ಟೈಲ್ಸ್ ಹಾಕಿಸಿದ ಹಾಲಿನಲ್ಲಿ ಒಂದು ವರ್ಷ ಮಾಡಿ, ಹಾಡಿದ್ದೆಲ್ಲ ಡಬ್ಬದೊಳಗೆ ಕೂಗಿದಂತೆ ಗುಂಯ್‌ಗುಟ್ಟಿತು. ಬೆಲೆ ಬರಲಿ ಎಂದು ಇಟ್ಟಿದ್ದ ಚಾಲಿ ಚೀಲಗಳನ್ನು ಮರುವರ್ಷ ಗೋಡೆಗೆ ಒಟ್ಟಿದೆ. ಗುಂಯ್‌ಗುಡುವುದು ಎಷ್ಟೋ ಕಡಿಮೆಯಾಯಿತು. (ಬೆಲೆ ಬರಲಿಲ್ಲ, ಆ ಮಾತು ಬೇರೆ.) ರಾತ್ರಿ ಇಬ್ಬನಿ ಬೀಳುವ ಕಾಲವಾದರೆ ತಬಲಾದ ಚರ್ಮ ಥಂಡಿ ಹಿಡಿದು ಶ್ರುತಿ ಇಳಿಯುತ್ತದೆ. ಹಾಗಾಗಿ ತಬಲಾದವರನ್ನು ಅಂಗಳದ ಗಾಳಿಗೆ ಕೂರಿಸದೆ ಒಳಬದಿಗೆ ಕೂರಿಸುತ್ತೇವೆ. ಕರೆಂಟು ಹೋದೀತು, ಲಾಟೀನು ಒರೆಸಿ ಇಟ್ಟಿರಬೇಕು.

2019ರ ಮಳೆ ನೆನಪಿರಬಹುದು. ಆಗಸ್ಟಿನಲ್ಲಿ ಬಿಡದೆ ಹೊಡೆಯಿತು. ಮೊದಲ ಸಲದ ಬೋರ್ಡೋ ಹೇಗೋ ಆಗಿತ್ತು, ಎರಡನೇ ಸಲಕ್ಕೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ತೂಗಿ ಇಟ್ಟುಕೊಂಡು ಹದಿನೆಂಟು ದಿನ ಆಕಾಶ ನೋಡಿದೆ. ಬಿಸಿಲು ಬರುವಷ್ಟರಲ್ಲಿ ಮರದ ಬುಡದಲ್ಲಿ ಕೊಳೆ ಅಡಿಕೆಯ ಹಾಸು. ಅರ್ಧ ಬೆಳೆ ಹೋಯಿತು. ಈ ವರ್ಷ ಬೈಠಕ್ ಬೇಡ ಎಂದು ಕಲಾವಿದರಿಗೆ ಫೋನು ಮಾಡಿಯೂ ಬಿಟ್ಟೆ. ಆ ಮೇಷ್ಟ್ರು ದೊಡ್ಡ ಮನುಷ್ಯರು, "ಬಸ್ ಚಾರ್ಜ್ ಕೊಡ್ರಿ, ಸಾಕು" ಅಂದರು. ಅಪ್ಪನಿಗೆ ಆಗ ಎಂಬತ್ತೊಂದು. ಅವನ ಮುಖ ನೋಡಿ ಹೂಂ ಅಂದೆ. ಅವನು ಕೇಳಿದ ಕಡೇ ಬೈಠಕ್ ಅದೇ. ಮರುವರ್ಷ ಕೊರೋನಾದಿಂದ ಬೈಠಕ್ ಆಗಲಿಲ್ಲ, 2021ರ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ.

2022ರಲ್ಲಿ ಮತ್ತೆ ಶುರುಮಾಡುವ ಮಾತು ತೆಗೆದಾಗ ಹೆಂಡತಿ ಸುಮ್ಮನಿದ್ದಳು. ಎರಡು ದಿನ ಬಿಟ್ಟು, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ ಹೇಳಿದಳು: "ಮಾಡಿ. ಆದ್ರೆ ಈ ಸಲ ನಾನು ಮುಂದೆ ಕೂತ್ಕಂಡು ಕೇಳ್ತೆ."

ನನಗೆ ತಕ್ಷಣ ಅರ್ಥವಾಗಲಿಲ್ಲ. "ಅಂದ್ರೆ? ಇಷ್ಟು ವರ್ಷ ಕೇಳಿದ್ದಿಲ್ಲವಾ?"

"ಕೇಳಿದ್ದು ಹೌದು. ಗೋಡೆ ಆಚೆಯಿಂದ."

ಹದಿನಾಲ್ಕು ಬೈಠಕ್ ಆಗಿತ್ತು. ಬಂದವರಿಗೆಲ್ಲ ಆಸರಿ, ನಡುವೆ ಚಾ, ಮುಗಿದ ಮೇಲೆ ಅಪ್ಪೆಹುಳಿ, ತಂಬುಳಿ, ಪಾಯಸದ ಊಟ. ಎಪ್ಪತ್ತು ಜನ ಬಂದ ವರ್ಷವೂ ಅವಳು ಮತ್ತು ಆಯಿ ಇಬ್ಬರೇ ಒಲೆ ಮುಂದೆ. ಅವಳಿಗೆ ಗಡಿಯಾರ ಬೇಕಿರಲಿಲ್ಲವಂತೆ. ವಿಲಂಬಿತ್ ಶುರುವಾದರೆ ಎಸರು ಇಡುವುದು, ದ್ರುತ್‌ಗೆ ಬಂದರೆ ಅನ್ನ ಬಾಗಿಸುವುದು, ಭೈರವಿ ಕೇಳಿಸಿದರೆ ಬಾಳೆಲೆ ಒರೆಸುವುದು. ಯಮನ್ ಯಾವುದು, ಪೂರಿಯಾ ಧನಾಶ್ರೀ ಯಾವುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಬ್ಬ ಹಾಡುಗಾರರ ಮುಖವನ್ನೂ ಹಾಡುವಾಗ ನೋಡಿರಲಿಲ್ಲ. ಊಟಕ್ಕೆ ಬಡಿಸುವಾಗ ನೋಡಿದ್ದು ಅಷ್ಟೇ. "ಅಡುಗೆ ಬಹಳ ಚೊಲೊ ಆಗಿತ್ರಿ" ಎಂದು ಅವರು ಹೇಳಿದಾಗ ನಾನು ಹೆಮ್ಮೆಯಿಂದ ನಗುತ್ತ ನಿಂತಿರುತ್ತಿದ್ದೆ. ನೆನೆದರೆ ಈಗ ನಾಚಿಕೆ.

ಆ ವರ್ಷದಿಂದ ಊಟದ ಕ್ರಮ ಬದಲಾಯಿಸಿದೆವು. ಬರುವ ಮನೆಯವರು ಒಂದೊಂದು ಪಾತ್ರೆ ತರುತ್ತಾರೆ. ಒಬ್ಬರು ಅವಲಕ್ಕಿ, ಒಬ್ಬರು ಮೊಸರು. ನಮ್ಮದು ಅನ್ನ, ಸಾರು ಮಾತ್ರ. ಅದನ್ನೂ ಹಾಡು ಶುರುವಾಗುವ ಮೊದಲೇ ಇಳಿಸಿ ಬೆಂಕಿ ಎಳೆಯುವುದು. ಅನ್ನ ತುಸು ಆರಿರುತ್ತದೆ. "ಹಿಂದಿನ ಊಟದ ಮಜಾ ಇಲ್ಲ" ಎಂದು ಒಂದಿಬ್ಬರು ಗೊಣಗಿದರು, ಗೊಣಗಲಿ. ಆಯಿಯನ್ನು ಅಪ್ಪ ಒರಗುತ್ತಿದ್ದ ಕಂಬದ ಹತ್ತಿರ ಕುರ್ಚಿ ಹಾಕಿ ಕೂರಿಸಿದೆವು. ಹೆಂಡತಿ ಎದುರಿನ ಸಾಲಿನಲ್ಲಿ ಕುಳಿತಳು. ದ್ರುತ್ ಶುರುವಾದ ಕೂಡಲೇ ಅಭ್ಯಾಸ ಬಲದಿಂದ ಎದ್ದುಬಿಟ್ಟಳು. ಪಕ್ಕದ ಮನೆ ಅತ್ತಿಗೆ ಸೆರಗು ಹಿಡಿದು ಕೂರಿಸಿದರು.

ಈ ವರ್ಷದ ದಿನ ಇನ್ನೂ ನಿಶ್ಚಯವಾಗಿಲ್ಲ. ಬೆಂಗಳೂರಿನ ಮಗಳಿಗೆ ರಜೆ ಸಿಗುವುದು ದೀಪಾವಳಿಯ ನಂತರದ ಎರಡನೇ ಶನಿವಾರ ಮಾತ್ರ. ನಮ್ಮ ಕೊನೆಗೌಡ ಬರುತ್ತೇನೆ ಎಂದಿರುವುದೂ ಅದೇ ಶನಿವಾರ. ಅವನನ್ನು ಬಿಟ್ಟರೆ ಮತ್ತೆ ಹದಿನೈದು ದಿನ ಸಿಗುವವನಲ್ಲ. ನಾಳೆ ಬೆಳಿಗ್ಗೆ ಅವನ ಮನೆಗೆ ಹೋಗಿ ಮಾತಾಡಿ ಬರಬೇಕು. ಅವನಿಗೂ ಹಾಡು ಕೇಳುವ ಆಸೆ ಇದೆಯೇ ಎಂದು ಕೇಳಿ ನೋಡು, ಎಂದಿದ್ದಾಳೆ ಆಯಿ.