ಅಡಿಗೊಂದು ಅಂಗುಲದ ಅರಮನೆ

ವಿಂಡ್ಸರ್ ಕೋಟೆಯ ದೊಡ್ಡ ದೊಡ್ಡ ಹಜಾರಗಳಲ್ಲಿ ಕತ್ತೆತ್ತಿ ಚಾವಣಿ ನೋಡುತ್ತ ನಡೆಯುವವರೆಲ್ಲ ಈ ಕೋಣೆಯಲ್ಲಿ ಬೆನ್ನು ಬಗ್ಗಿಸುತ್ತಾರೆ. ಮಂದ ಬೆಳಕು, ನಡುವೆ ಗಾಜಿನ ಆವರಣದೊಳಗೆ ರಾಣಿ ಮೇರಿಯ ಗೊಂಬೆಮನೆ. ಅದರ ಹೊರಗೋಡೆಯನ್ನು ಪೆಟ್ಟಿಗೆಯ ಮುಚ್ಚಳದಂತೆ ಮೇಲೆತ್ತಿ ನಿಲ್ಲಿಸಿದ್ದಾರೆ. ಸುತ್ತು ಹಾಕಿದರೆ ಒಳಗಿನ ಕೋಣೆಗಳು ಒಂದೊಂದಾಗಿ ಎದುರಾಗುತ್ತವೆ.

ಅಳತೆ ಅಡಿಗೆ ಒಂದು ಅಂಗುಲ. ವಿನ್ಯಾಸ ಮಾಡಿದವನು ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್. ದೆಹಲಿಯಲ್ಲಿ ಅವನೇ ರೂಪಿಸಿದ ಈಗಿನ ರಾಷ್ಟ್ರಪತಿ ಭವನ ಮೇಲೇಳುತ್ತಿದ್ದಾಗಲೇ, 1921ರಿಂದ 1924ರವರೆಗೆ, ಅದೇ ಮನುಷ್ಯ ಇಲ್ಲಿ ಬೆರಳುದ್ದದ ಕುರ್ಚಿ ಮೇಜುಗಳ ಚಿಂತೆಯಲ್ಲಿದ್ದ. ಸುಮಾರು 1,500 ಕುಶಲಕರ್ಮಿಗಳು, ಕಲಾವಿದರು, ಲೇಖಕರು ಕೈಜೋಡಿಸಿದರು.

ನಾನು ಹೆಚ್ಚು ಹೊತ್ತು ನಿಂತದ್ದು ಪುಸ್ತಕದ ಕೋಣೆಯ ಮುಂದೆ. ಕಪಾಟಿನಲ್ಲಿರುವವು ಬಣ್ಣ ಬಳಿದ ಮರದ ತುಂಡುಗಳಲ್ಲ. ಚರ್ಮದ ರಟ್ಟು ಕಟ್ಟಿದ, ಓದಬಹುದಾದ ಪುಸ್ತಕಗಳು. ಷರ್ಲಾಕ್ ಹೋಮ್ಸ್‌ನ ಕರ್ತೃ ಕಾನನ್ ಡಾಯ್ಲ್ ಈ ಮನೆಗೆಂದೇ ಒಂದು ಪುಟ್ಟ ಕಥೆ ಬರೆದುಕೊಟ್ಟ. ಬರ್ನಾರ್ಡ್ ಷಾ ಮಾತ್ರ ಒಲ್ಲೆ ಎಂದ. ನೆಲಮಾಳಿಗೆಯ ಪುಟಾಣಿ ಸೀಸೆಗಳಲ್ಲಿ ತುಂಬಿದ್ದು ನಿಜವಾದ ವೈನ್. ಬಚ್ಚಲಿನ ನಲ್ಲಿಗೆ ಬಿಸಿನೀರೂ ಇತ್ತು, ತಣ್ಣೀರೂ ಇತ್ತು. ಕಕ್ಕಸಿಗೆ ಫ್ಲಶ್ ಬೇರೆ! ಗಿಡಮರಗಳ ತೋಟವಂತೂ ತಳದ ಡ್ರಾಯರ್‌ನಲ್ಲಿದೆ, ಎಳೆದರೆ ಹೊರಬರುವಂಥದು. ಅದನ್ನು ರೂಪಿಸಿದವಳು ಉದ್ಯಾನ ವಿನ್ಯಾಸಕಿ ಗರ್ಟ್ರೂಡ್ ಜೀಕಿಲ್.

ಆದರೂ ಕೆಲವು ವಸ್ತುಗಳು ಕುಗ್ಗಲು ಒಪ್ಪುವುದಿಲ್ಲ. ಮರ ಒಪ್ಪುತ್ತದೆ, ಬೆಳ್ಳಿ ಒಪ್ಪುತ್ತದೆ. ನೀರಿನ ಹನಿಗೆ ಮಾತ್ರ ತನ್ನದೇ ಗಾತ್ರ. ಬಟ್ಟೆಯೂ ಅಷ್ಟೇ: ಎಷ್ಟೇ ತೆಳು ರೇಷ್ಮೆ ತಂದರೂ ಇಷ್ಟು ಚಿಕ್ಕ ಪರದೆಗೆ ಜೋತುಬೀಳುವಷ್ಟು ಭಾರವಿಲ್ಲ, ನೆರಿಗೆ ಬಿರುಸಾಗಿ ನಿಲ್ಲುತ್ತದೆ. ನನ್ನ ಕಣ್ಣು ನಂಬಿದ್ದು ಮಂಚದ ಮೇಲಿನ ವೈಭವವನ್ನಲ್ಲ, ಅಡುಗೆಮನೆಯ ಪಾತ್ರೆಗಳನ್ನು. ಮಾದರಿ ಮನೆ ಮಾಡುವವರು ಇಲ್ಲಿಂದ ಒಯ್ಯಬೇಕಾದದ್ದು ಅಮೃತಶಿಲೆಯ ಮೆಟ್ಟಿಲನ್ನಲ್ಲ, ದಿನಬಳಕೆಯ ಈ ಸಾಮಾನನ್ನು.

ನಮ್ಮ ಮನೆಯ ದಸರಾ ಗೊಂಬೆಗಳು ನೆನಪಾದವು. ಅಲ್ಲಿ ಅಂಗಡಿ ಶೆಟ್ಟರು ಪಕ್ಕದ ದೇವಸ್ಥಾನದ ಗೋಪುರಕ್ಕಿಂತ ಎತ್ತರ. ಯಾರೂ ತಕರಾರು ತೆಗೆದದ್ದಿಲ್ಲ. ಶೆಟ್ಟರ ಮುಂದೆ ಅಕ್ಕಿ ಬೇಳೆ ನಿಜವಾದದ್ದೇ ಇರಬೇಕು, ಅಷ್ಟೇ. ಲುಟ್ಯೆನ್ಸ್‌ಗೆ ಎರಡೂ ಬೇಕಿತ್ತು, ಅಳತೆಯೂ ಅಕ್ಕಿಯೂ.

1924ರಲ್ಲಿ ವೆಂಬ್ಲಿಯ ವಸ್ತುಪ್ರದರ್ಶನದಲ್ಲಿ ಜನರಿಗೆ ತೋರಿಸಿದ ಮೇಲೆ ಗೊಂಬೆಮನೆ ವಿಂಡ್ಸರ್‌ಗೆ ಬಂತು. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಸುಮಾರು ಒಂದು ಗಂಟೆಯ ರೈಲು ಪ್ರಯಾಣ. ಕೋಟೆಯ ಟಿಕೆಟ್ಟಿನಲ್ಲೇ ಇದೂ ಸೇರಿದೆ. ಮಂಗಳವಾರ, ಬುಧವಾರ ಸಾಮಾನ್ಯವಾಗಿ ಕೋಟೆಗೆ ರಜೆ. ದಿನ ನೋಡಿಕೊಂಡು ಹೊರಡಿ.