ವಾದ್ಯಗಳ ನಡುವೆ ಕಂಠದ ಸ್ಥಾನ

ಜಾಝ್ ಸಂಗೀತದ ಸ್ವಚ್ಛಂದ ಮನೋಧರ್ಮವನ್ನೂ ರಾಕ್ ಸಂಗೀತದ ವಿದ್ಯುದ್ವಾದ್ಯಗಳ ರಭಸವನ್ನೂ ಒಂದುಗೂಡಿಸಲು ಹೊರಟ ಜರ್ಮನಿಯ ‘ಎಂಬ್ರಿಯೊ’ ತಂಡದ ಆರಂಭದ ಧ್ವನಿಮುದ್ರಿಕೆಗಳಲ್ಲಿ, 1970ರ ‘ಓಪಲ್’ ಮೊದಲ್ಗೊಂಡು, ಗಾಯನವಿದ್ದರೂ ಪ್ರಾಧಾನ್ಯವು ವಾದ್ಯಗಳ ದೀರ್ಘಸಂವಾದಕ್ಕೇ ಸಲ್ಲುತ್ತದೆ. 1973ರ ‘ವೀ ಕೀಪ್ ಆನ್’ ಮುದ್ರಿಕೆಯಲ್ಲಿ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಈ ತಂಡದೊಡನೆ ನಾಗಸ್ವರವನ್ನೂ ನುಡಿಸಿದನು.

ಅದೇ ಮಾರಿಯಾನೊ, ಮೃದಂಗವಿದ್ವಾಂಸ ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಬಳಗದೊಡನೆ 1983ರಲ್ಲಿ ‘ಜ್ಯೋತಿ’ಯನ್ನು ಹೊರತಂದಾಗ, ಆರ್.ಎ. ರಮಾಮಣಿಯವರ ಕಂಠವೇ ಏಕಾಂಗಿಯಾಗಿ ಮುದ್ರಿಕೆಯನ್ನು ಆರಂಭಿಸಿತು. ಇಲ್ಲಿ ಗಾಯನವು ವಾದ್ಯಗಳ ಮೇಲೆ ಹೊದಿಸಿದ ಅಲಂಕಾರವಲ್ಲ. ರಾಗಾಲಾಪನೆಯಿಂದ ಸ್ಯಾಕ್ಸೊಫೋನಿಗೆ ಸರಿಸಮನಾಗಿ ಪ್ರತ್ಯುತ್ತರವೀಯುವ, ಲಯದ ಗಣಿತವನ್ನು ತಾನೂ ಹೊರುವ ಸ್ವತಂತ್ರ ಶಕ್ತಿ.

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ, 1246ರಷ್ಟು ಹಿಂದೆಯೇ, ಬೈಚೋಜ, ಮಲ್ಲಿತಮ್ಮರೆಂಬ ಇಬ್ಬರು ರೂವಾರಿಗಳ ಭಿನ್ನಶೈಲಿಗಳು ತಂತಮ್ಮ ವೈಶಿಷ್ಟ್ಯವನ್ನು ಬಿಡದೆ ಒಂದೇ ಗುಡಿಯನ್ನು ಸಿಂಗರಿಸಿದಂತೆ, ‘ಜ್ಯೋತಿ’ಯಲ್ಲಿ ಜಾಝ್ ಮತ್ತು ಕರ್ನಾಟಕ ಸಂಗೀತವೆಂಬ ಎರಡು ಪರಂಪರೆಗಳೂ ಪರಸ್ಪರ ಕರಗಿಹೋಗದೆ ಕೂಡಿವೆ.

ಕರ್ನಾಟಕ ಸಂಗೀತದ ಅಭ್ಯಾಸವುಳ್ಳ ನಮ್ಮ ಕಿವಿಗಳು ಮೊದಲು ‘ಜ್ಯೋತಿ’ಯನ್ನು ಕೇಳಿ, ಅನಂತರ ಹಿಂದೆ ಸರಿದು ‘ವೀ ಕೀಪ್ ಆನ್’ ಕಡೆಗೆ ಹೋಗುವುದೇ ಉಚಿತವೆಂದು ನನಗೆ ತೋರುತ್ತದೆ.